ತಾಡಪತ್ರಿ ಮುಚ್ಚಿದರೂ ಮೆಣಸಿನಕಾಯಿ ಯಾಕೆ ಮೆತ್ತಗಾಗುತ್ತದೆ?

ಅಣ್ಣಾರ, ಸಂಜೆ ಬ್ಯಾಡಗಿ ಕಾಯಿ ಗಲಗಲ ಅನ್ನುತ್ತಿತ್ತು, ತಾಡಪತ್ರಿ ಮುಚ್ಚಿ ಮಲಗಿದೆ, ಬೆಳಿಗ್ಗೆ ನೋಡಿದರೆ ಮೆತ್ತಗಾಗಿದೆ, ಮಳೆ ಹನಿಯೂ ಇಲ್ಲ ಅಂತ ಕೇಳಿದ್ದೀರಿ. ತಾಡಪತ್ರಿ ತೂತಾಗಿರಬೇಕು ಅಂತ ನಿಮಗೆ ಒಬ್ಬರು ಉತ್ತರ ಬರೆದಿದ್ದಾರೆ. ಸುಮ್ನೆ ತೂತು ಹುಡುಕುತ್ತಾ ಕೂರಬೇಡಿ. ನೀರು ಬಂದದ್ದು ಗಾಳಿಯಿಂದ, ಸ್ವಲ್ಪ ನೆಲದಿಂದ, ಉಳಿದದ್ದು ಕಾಯಿಯಿಂದಲೇ.

ಗಾಳಿಯಲ್ಲಿ ನೀರು ಆವಿಯಾಗಿ ಯಾವಾಗಲೂ ಇರುತ್ತದೆ. ಎಷ್ಟು ಇರಬಲ್ಲದು ಅನ್ನುವುದು ಬಿಸಿಯ ಮೇಲೆ ಹೋಗುತ್ತದೆ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಜಾಗದಲ್ಲಿ ಸುಮಾರು 30 ಗ್ರಾಂ. 20 ಡಿಗ್ರಿಗೆ 17, 15ಕ್ಕೆ ಬಂದರೆ 13 ಗ್ರಾಂ ಅಷ್ಟೇ. ಈಗ ಲೆಕ್ಕ ಹಾಕಿ. ಮಧ್ಯಾಹ್ನ 30 ಡಿಗ್ರಿ, ಆರ್ದ್ರತೆ ಶೇ 40 ಅಂದರೆ ಗಾಳಿಯಲ್ಲಿರುವುದು 12 ಗ್ರಾಂ. ಇನ್ನೂ 18 ಗ್ರಾಂಗೆ ಜಾಗ ಇದೆ, ಅದಕ್ಕೇ ಕಾಯಿ ಒಣಗುತ್ತದೆ. ಅದೇ ಗಾಳಿ ಬೆಳಗಿನ ಜಾವ 15 ಡಿಗ್ರಿಗೆ ಇಳಿದರೆ ಆರ್ದ್ರತೆ ಶೇ 90 ದಾಟುತ್ತದೆ. ಇನ್ನೊಂದೆರಡು ಡಿಗ್ರಿ ಇಳಿದರೆ ಇಬ್ಬನಿ. ಗದಗ ಕಡೆ ರಾತ್ರಿ ಕಡಲೆ ಗಿಡದ ಮೇಲೆ ಬಟ್ಟೆ ಹಾಸಿ, ಇಬ್ಬನಿಯ ಜೊತೆ ಬಟ್ಟೆಗೆ ಇಳಿದ ಗಿಡದ ಹುಳಿ ಹಿಂಡಿಕೊಳ್ಳುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ, ಅಲ್ವಾ?

ಒಣ ಕಾಯಿ ಹಸಿ ಗಾಳಿಯಲ್ಲಿ ನೀರು ಎಳೆದುಕೊಳ್ಳುತ್ತದೆ, ಮುಚ್ಚಳ ತೆಗೆದಿಟ್ಟ ಡಬ್ಬಿಯ ಹಪ್ಪಳದ ಹಾಗೆ.

ಇನ್ನು ತಾಡಪತ್ರಿ. ಮೋಡವಿಲ್ಲದ, ಗಾಳಿ ನಿಂತ ರಾತ್ರಿ ಅದು ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಒಳಗೆ ರಾಶಿ ಇನ್ನೂ ಬೆಚ್ಚಗಿರುತ್ತದೆ. ರಾಶಿಯಿಂದ, ಒಣಗಿಸುವ ಕಣ ಮಣ್ಣಿನದಾದರೆ ನೆಲದಿಂದಲೂ, ಏಳುವ ಆವಿ ಹಾಳೆಯ ಒಳಮೈಗೆ ತಾಗಿ ಹನಿಯಾಗಿ ಮತ್ತೆ ಕಾಯಿ ಮೇಲೆಯೇ ಬೀಳುತ್ತದೆ. ಬೆಳಿಗ್ಗೆ ಒಳಮೈ ಸವರಿ ನೋಡಿ, ಗೊತ್ತಾಗುತ್ತದೆ. ಮೋಡ ಕಂಡರೆ ನಾವು ಹೆದರುತ್ತೇವೆ, ಚುಕ್ಕಿ ಕಂಡರೆ ನಿಶ್ಚಿಂತೆ. ಇಬ್ಬನಿಯ ಮಟ್ಟಿಗೆ ಅದು ಉಲ್ಟಾ.

ಹಾಗಂತ ಮುಚ್ಚದೆ ಬಿಡಬೇಡಿ. ಬಿಸಿಲು ಇಳಿದು ಕಾಯಿ ಸ್ವಲ್ಪ ತಣ್ಣಗಾದ ಮೇಲೆ, ಇಬ್ಬನಿ ಬೀಳುವ ಮೊದಲು ರಾಶಿ ಮಾಡಿ. ಮೊದಲು ಒಣ ಗೋಣಿಚೀಲ ಹೊದಿಸಿ, ಆಮೇಲೆ ತಾಡಪತ್ರಿ. ಹನಿ ಬಿದ್ದರೂ ಗೋಣಿ ಹೀರುತ್ತದೆ. ಬಿದಿರು ಕೊಟ್ಟು ಹಾಳೆಯನ್ನು ಎತ್ತಿ ಕಟ್ಟಿ, ಎರಡು ತುದಿ ಸ್ವಲ್ಪ ತೆರೆದಿಟ್ಟರೆ ಇನ್ನೂ ಚಲೋ. ಕೆಳಗೂ ಒಂದು ಹಾಳೆ ಬೇಕೇ ಬೇಕು. ಖರ್ಚು ಅಂತ ಅದನ್ನೇ ಬಿಡುವವರು ಜಾಸ್ತಿ.

ಬೆಳಿಗ್ಗೆ ಸೂರ್ಯ ಹುಟ್ಟಿದ ಕೂಡಲೇ ಹರವಬೇಡಿ. ಆಗಿನ ಗಾಳಿಯೇ ದಿನದಲ್ಲಿ ಎಲ್ಲಕ್ಕಿಂತ ಹಸಿ. ಬದುವಿನ ಹುಲ್ಲಿನ ಮೇಲಿನ ಇಬ್ಬನಿ ಆರಲಿ. ತಾಡಪತ್ರಿಯನ್ನು ದೂರ ಎಳೆದುಕೊಂಡು ಹೋಗಿ ಜಾಡಿಸಿ, ರಾಶಿ ಮೇಲಲ್ಲ. ತೆಳ್ಳಗೆ ಹರವಿ, ಆಗಾಗ ತಿರುವಿ.

ಬೂಷ್ಟು ಹಿಡಿದ ಕಾಯಿ ಇದ್ದರೆ ಈಗಲೇ ಆರಿಸಿ ಬೇರೆ ಮಾಡಿ. ಬೂಷ್ಟು ಬಿಡುವ ಅಫ್ಲಾಟಾಕ್ಸಿನ್ ವಿಷ ಮತ್ತೆ ಒಣಗಿಸಿದ ಮಾತ್ರಕ್ಕೆ ಹೋಗುವುದಿಲ್ಲ. ಮೆತ್ತಗಿದ್ದರೆ ಕಾಯಿ ಮುರಿಯಲ್ಲ ಅಂತ ಬೆಳಿಗ್ಗೆಯೇ ಚೀಲ ತುಂಬುವವರೂ ಇದ್ದಾರೆ. ಅದೇ ದಿನ ಬ್ಯಾಡಗಿ ಮಾರುಕಟ್ಟೆಗೆ ಹೋಗುವ ಮಾಲಾದರೆ ನಡೆದೀತು. ರೇಟ್ ಬರಲಿ ಅಂತ ಮನೆಯಲ್ಲಿ ಇಟ್ಟುಕೊಳ್ಳುವ ಮಾಲಿಗೆ ಮಾತ್ರ ಬೇಡ.