ಪ್ರತಿಕ್ರಿಯೆ: ಮೇರಿ ವೇಡ್‌ಗೆ ನಿಜವಾಗ್ಲೂ ಗಲ್ಲು ಶಿಕ್ಷೆಯಾಗಿತ್ತಾ?

ಬಟ್ಟೆ ಕದ್ದಿದ್ದಕ್ಕೆ ಪುಟ್ಟ ಹುಡುಗಿಗೆ ಗಲ್ಲು ಅನ್ನೋದು ಕಟ್ಟುಕಥೆ ಇರಬೇಕು ಅಂದಿದ್ದೀರಿ. ಅಲ್ಲ, ನಿಜವೇ. ಲಂಡನ್ನಿನಲ್ಲಿ ಬೀದಿ ಗುಡಿಸಿ, ಭಿಕ್ಷೆ ಬೇಡಿ ಬದುಕುತ್ತಿದ್ದ ಮೇರಿ, ಇನ್ನೊಬ್ಬ ಹುಡುಗಿ ಜೊತೆ ಸೇರಿ 8 ವರ್ಷದ ಮಗುವಿನ ಫ್ರಾಕು, ಟೋಪಿ ಕಿತ್ತುಕೊಂಡಳು. ಫ್ರಾಕು ಗಿರವಿ ಅಂಗಡಿ ಸೇರಿತು. ಇಷ್ಟಕ್ಕೇ 1789ರ ಜನವರಿಯಲ್ಲಿ ಓಲ್ಡ್ ಬೇಲಿ ಕೋರ್ಟು ಮರಣದಂಡನೆ ಕೊಟ್ಟಿತು!

ಅದೃಷ್ಟ ನೋಡಿ, ಅದೇ ಹೊತ್ತಿಗೆ ಮೂರನೇ ಜಾರ್ಜ್ ದೊರೆಯ ಕಾಯಿಲೆ ವಾಸಿಯಾಯ್ತು. ಆ ಸಂಭ್ರಮದಲ್ಲಿ ಗಲ್ಲು ತಪ್ಪಿ ಆಸ್ಟ್ರೇಲಿಯಾಕ್ಕೆ ಗಡೀಪಾರಾಯ್ತು. ಲೇಡಿ ಜೂಲಿಯಾನಾ ಹಡಗಿನಲ್ಲಿ ಸುಮಾರು 10 ತಿಂಗಳ ಪಯಣ. 1790ರ ಜೂನ್‌ನಲ್ಲಿ ಸಿಡ್ನಿ, ಅಲ್ಲಿಂದ ಪೆಸಿಫಿಕ್ ಸಾಗರದ ನಾರ್ಫೋಕ್ ದ್ವೀಪ.

ಆಮೇಲೆ? ಮದುವೆ, ಹೊಲ, ಮನೆ ತುಂಬ ಮಕ್ಕಳು. 1859ರಲ್ಲಿ ತೀರಿಕೊಂಡಾಗ 300ಕ್ಕೂ ಜಾಸ್ತಿ ಜನರ ಕುಟುಂಬ. ಆಸ್ಟ್ರೇಲಿಯಾದ ಪ್ರಧಾನಿಯಾಗಿದ್ದ ಕೆವಿನ್ ರಡ್ ಕೂಡ ಅವಳ ವಂಶದವರೇ.