‘ಅಡ್ಜಸ್ಟ್ ಮಾಡ್ಕೊಳ್ಳಿ’ ಎಂಬ ತೀರ್ಪು

ಓದುಗರ ಪತ್ರ: ಬನಶಂಕರಿಯ ಅಪಾರ್ಟ್‌ಮೆಂಟೊಂದರಲ್ಲಿ ಹನ್ನೊಂದು ವರ್ಷಗಳಿಂದ ಸ್ವಂತ ಫ್ಲ್ಯಾಟಿನಲ್ಲಿದ್ದೇವೆ. ಎರಡು ವರ್ಷಗಳ ಹಿಂದೆ ಮೇಲಿನ ಮನೆಯನ್ನು ಕೊಂಡವರು ವಾರಕ್ಕೆ ಮೂರು ದಿನ ರಾತ್ರಿ ಹನ್ನೊಂದರ ಮೇಲೆ ಸ್ನೇಹಿತರನ್ನು ಸೇರಿಸಿ ಸ್ಪೀಕರ್ ಹಾಕುತ್ತಾರೆ. ಮೆಟ್ಟಿಲ ತಿರುವಿನಲ್ಲಿ ಚಪ್ಪಲಿ ಸ್ಟ್ಯಾಂಡು, ಕೆಟ್ಟ ವಾಷಿಂಗ್ ಮೆಷಿನ್ನು ಇಟ್ಟಿದ್ದಾರೆ. ಕೇಳಿದರೆ ‘ನನ್ನ ಮನೆ, ನನ್ನ ದುಡ್ಡು’ ಎನ್ನುತ್ತಾರೆ. ಸಂಘದ ಕಾರ್ಯದರ್ಶಿಗಳು ‘ಸಂತೆಯೊಳಗೆ ಮನೆ ಮಾಡಿ ಶಬ್ದಕ್ಕೆ ನಾಚಿದರೆ ಹೇಗೆ ಸಾರ್, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂದು ನಕ್ಕರು. ಮುಂದಿನ ತಿಂಗಳಿನಿಂದ ಮೇಂಟೆನೆನ್ಸ್ ಕೊಡುವುದನ್ನೇ ನಿಲ್ಲಿಸೋಣವೆಂದಿದ್ದೇನೆ. ಅಥವಾ ವಯಸ್ಸಾದ ನಾವೇ ಹೊಂದಿಕೊಳ್ಳಬೇಕೇ?
– ಹೆಸರು ಬೇಡವೆಂದಿರುವ ಓದುಗರು, ಬೆಂಗಳೂರು

ಸಂಪಾದಕರ ಉತ್ತರ: ನಿಮ್ಮ ಮೇಲಿನ ಮನೆಯವರಿಗಿಂತ ನನ್ನನ್ನು ಹೆಚ್ಚು ಕೆಣಕಿದವರು ಆ ಕಾರ್ಯದರ್ಶಿಗಳು. ಅಕ್ಕಮಹಾದೇವಿ ಆ ಮಾತನ್ನು ಹೇಳಿದ್ದು ಲೋಕದ ಸ್ತುತಿನಿಂದೆಗಳ ನಡುವೆ ತನ್ನ ಮನಸ್ಸು ಹೇಗಿರಬೇಕೆಂದು ತನಗೆ ತಾನೇ ತಿಳಿಹೇಳಿಕೊಳ್ಳುವುದಕ್ಕೆ. ಅದನ್ನು ನಿದ್ದೆಗೆಟ್ಟ ನೆರೆಯವರ ಬಾಯಿ ಮುಚ್ಚಿಸುವುದಕ್ಕೆ ಬಳಸಿದವರನ್ನು ನಾನು ಇದೇ ಮೊದಲು ಕಂಡೆ.

ಎದುರು ಪಕ್ಷಕ್ಕೆ ಸಲ್ಲಬೇಕಾದ ಒಂದು ಮಾತನ್ನು ಮೊದಲೇ ಸಲ್ಲಿಸಿಬಿಡುತ್ತೇನೆ. ಒಬ್ಬರ ನೆಲವೇ ಇನ್ನೊಬ್ಬರ ಸೂರಾಗಿರುವ ಕಟ್ಟಡದಲ್ಲಿ ಮಿಕ್ಸಿ ತಿರುಗುತ್ತದೆ, ಕುಕ್ಕರ್ ಕೂಗುತ್ತದೆ, ಮಗು ಓಡುತ್ತದೆ. ಗೋಡೆಗಳಿಂದ ಸದ್ದು ದಾಟಿಬರುವ ಲಂಡನ್ನಿನ ಫ್ಲ್ಯಾಟುಗಳ ಬಾಡಿಗೆದಾರರ ಮೊಕದ್ದಮೆಯಲ್ಲಿ ಬ್ರಿಟನ್ನಿನ ಆಗಿನ ಅತ್ಯುನ್ನತ ನ್ಯಾಯಪೀಠವಾದ ಹೌಸ್ ಆಫ್ ಲಾರ್ಡ್ಸ್ 1999ರಲ್ಲಿ ಹೇಳಿದ್ದೂ ಇದನ್ನೇ: ದಿನನಿತ್ಯದ ಬದುಕಿನ ಸಹಜ ಸದ್ದು ಉಪದ್ರವವಲ್ಲ. ಒಪ್ಪೋಣ. ರಾತ್ರಿ ಹನ್ನೊಂದರ ಸ್ಪೀಕರನ್ನು ಯಾವ ನ್ಯಾಯಾಧೀಶರೂ ಕುಕ್ಕರಿನ ಸಾಲಿಗೆ ಸೇರಿಸಲಾರರು.

ಅದೇ ದೇಶದ ಇನ್ನೊಂದು ಹಳೆಯ ಮೊಕದ್ದಮೆ ನನಗೆ ಹೆಚ್ಚು ಪ್ರಿಯ. 1879ರಲ್ಲಿ ತೀರ್ಮಾನವಾದದ್ದು. ಮಿಠಾಯಿ ತಯಾರಿಸುವವನೊಬ್ಬ ಇಪ್ಪತ್ತು ವರ್ಷಗಳಿಗೂ ಮೀರಿ ಒಂದೇ ಜಾಗದಲ್ಲಿ ಒರಳು ಕುಟ್ಟುತ್ತಿದ್ದ. ಹಿಂದಿನ ಮನೆಯ ವೈದ್ಯರು ತಮ್ಮ ಹಿತ್ತಲಿನಲ್ಲಿ, ಅವನ ಅಡುಗೆಮನೆಯ ಗೋಡೆಗೆ ತಾಗಿ, ರೋಗಿಗಳನ್ನು ನೋಡುವ ಕೋಣೆ ಕಟ್ಟಿಸಿದರು. ಕುಟ್ಟುವ ಸದ್ದಿನಲ್ಲಿ ರೋಗಿಯ ಎದೆಬಡಿತ ಕೇಳಿಸದೆ ನ್ಯಾಯಾಲಯಕ್ಕೆ ಹೋದರು. ‘ನಾನು ಮೊದಲಿನಿಂದ ಇದ್ದೇನೆ, ಇವರೇ ಬಂದು ಪಕ್ಕದಲ್ಲಿ ಕಟ್ಟಿಕೊಂಡರು’ ಎಂಬ ಮಿಠಾಯಿಯವನ ವಾದ ಕೇಳಲು ನ್ಯಾಯವಾಗಿಯೇ ಇದೆ. ಆದರೂ ಗೆದ್ದವರು ವೈದ್ಯರು. ನಿಮ್ಮ ವಿಷಯದಲ್ಲಿ ಮೊದಲಿನಿಂದ ಇದ್ದವರೂ ನೀವೇ.

ನಮ್ಮಲ್ಲೂ ಕಾನೂನಿಗೆ ಬರವಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಇರಬಹುದಾದ ಸದ್ದು 45 ಡೆಸಿಬಲ್. ಖಾಸಗಿ ಸ್ಪೀಕರಿನ ಸದ್ದು ಆ ಜಾಗದ ಎಲ್ಲೆಯಲ್ಲಿ ಅದಕ್ಕಿಂತ ಐದು ಡೆಸಿಬಲ್‌ಗಿಂತ ಹೆಚ್ಚಿರಕೂಡದು. ಒಲ್ಲದವರ ಕಿವಿಗೆ ಸದ್ದು ಸುರಿಯುವುದು ಯಾರ ಮೂಲಭೂತ ಹಕ್ಕೂ ಅಲ್ಲವೆಂದು ಸುಪ್ರೀಂ ಕೋರ್ಟು 2005ರಲ್ಲಿಯೇ ಹೇಳಿದೆ. ಇನ್ನು ‘ನನ್ನ ಮನೆ’ ಎಂಬ ಮಾತು. ನಿಮ್ಮ ಕ್ರಯಪತ್ರ ತೆಗೆದು ‘ಅವಿಭಜಿತ ಪಾಲು’ ಎಂಬ ಪದವನ್ನು ಹುಡುಕಿ. ಆ ವಾಷಿಂಗ್ ಮೆಷಿನ್ನು ಕೂತಿರುವ ಮೆಟ್ಟಿಲಿನಲ್ಲಿ ನಿಮಗೂ ಪಾಲಿದೆ, ನಾಲ್ಕನೇ ಮಹಡಿಯ ಅಜ್ಜಿಗೂ ಇದೆ. ಬೆಂಕಿ ಬಿದ್ದ ದಿನ ಎಲ್ಲರೂ ಇಳಿಯಬೇಕಾದದ್ದು ಅಲ್ಲಿಂದಲೇ. ನಿಮ್ಮ ಕಟ್ಟಡ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ನೋಂದಣಿಯಾಗಿದ್ದರೆ ಬೈಲಾ ಮುರಿದವರ ಮೇಲೆ ಪರಿಹಾರಕ್ಕೋ ತಡೆಯಾಜ್ಞೆಗೋ ದಾವೆ ಹೂಡಬಹುದು; ಸಂಘ ಕೈಕಟ್ಟಿ ಕೂತರೆ ನೊಂದ ಮಾಲೀಕರೇ ಹೂಡಲೂ ಅವಕಾಶವಿದೆ.

ನನ್ನದೂ ಒಂದು ಕಥೆಯಿದೆ. ಹಿಂದೆ ಮೂರನೇ ಮಹಡಿಯಲ್ಲಿದ್ದಾಗ ಮೇಲಿನವರು ದಿನವೂ ಬಾಲ್ಕನಿಗೆ ಬಕೆಟ್ಟುಗಟ್ಟಲೆ ನೀರು ಸುರಿಯುತ್ತಿದ್ದರು. ನಮ್ಮ ಮನೆಯಾಕೆ ಹರವಿದ್ದ ಸಂಡಿಗೆಯ ಮೇಲೆ ಕುಂಡದ ಕೆಂಪು ಮಣ್ಣು ಇಳಿಯುತ್ತಿತ್ತು. ನಾಲ್ಕು ಸಲ ಬಾಗಿಲು ತಟ್ಟಿದೆ, ನಾಲ್ಕು ಸಲವೂ ಕಾಫಿ ಕೊಟ್ಟು ‘ಅಡ್ಜಸ್ಟ್ ಮಾಡ್ಕೊಳ್ಳಿ’ ಎಂದರು. ಐದನೆಯ ಸಲ ಬಾಗಿಲು ತಟ್ಟದೆ ಹಾಲಿನ ಲೆಕ್ಕದ ಪುಸ್ತಕದ ಹಿಂದಿನಿಂದ ತಾರೀಖು, ಗಂಟೆ, ಏನಾಯಿತು ಎಂದು ಬರೆಯತೊಡಗಿದೆ. ಸಂಘದ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಅದನ್ನು ಓದಿದೆ. ಇಪ್ಪತ್ತಮೂರನೆಯ ನಮೂದಿಗೆ ಬರುವಷ್ಟರಲ್ಲಿ ಎರಡನೇ ಮಹಡಿಯ ಇಬ್ಬರು ‘ನಮ್ಮದನ್ನೂ ಸೇರಿಸಿಕೊಳ್ಳಿ’ ಎಂದರು. ಅಷ್ಟು ದಿನ ಅವರೂ ಬಾಯಿಮುಚ್ಚಿ ಅಡ್ಜಸ್ಟ್ ಮಾಡಿಕೊಳ್ಳುತ್ತಿದ್ದರು!

ಇಲ್ಲಿ ನಿಮ್ಮನ್ನು ಸ್ವಲ್ಪ ಗದರಬೇಕಾಗಿದೆ. ನನಗೆ ಮೂರು ಪುಟ ಬರೆದವರು ಸಂಘಕ್ಕೆ ಒಂದು ಸಾಲನ್ನೂ ಬರೆದಿಲ್ಲ. ವಾಟ್ಸ್ಯಾಪ್ ಗುಂಪಿನಲ್ಲಿ ಕೈಮುಗಿಯುವ ಚಿತ್ರ ಹಾಕಿ ಸುಮ್ಮನಾಗಿದ್ದೀರಿ. ಮೇಂಟೆನೆನ್ಸ್ ನಿಲ್ಲಿಸುವ ಯೋಚನೆಯಂತೂ ಬೇಡವೇ ಬೇಡ. ನಿಲ್ಲಿಸಿದ ಮರುದಿನ ನೀವು ಬಾಕಿದಾರರು, ದೂರು ನಿಮ್ಮ ಮೇಲೆಯೇ ತಿರುಗುತ್ತದೆ. ಹಾಗೆಯೇ, ಸಿಟ್ಟಿನಲ್ಲಿ ಮೇಲಿನವರ ನೀರು ಕತ್ತರಿಸೋಣವೆಂದು ಸಂಘದ ಯಾರಾದರೂ ಹೊರಟರೆ ನೀವೇ ತಡೆಯಿರಿ.

ಈ ಊರಿನಲ್ಲಿ ಅಡ್ಜಸ್ಟ್ ಎಂಬ ಪದ ಯಾರ ಕಡೆಗೆ ತಿರುಗುತ್ತದೆಂದು ಗಮನಿಸಿದ್ದೀರಾ? ಫುಟ್‌ಪಾತಿನ ಮೇಲೆ ಬೈಕು ಹತ್ತಿಸಿದವನಿಗೆ ಅದನ್ನು ಯಾರೂ ಹೇಳುವುದಿಲ್ಲ, ಪಕ್ಕಕ್ಕೆ ಸರಿಯದ ಮುದುಕರಿಗೆ ಹೇಳುತ್ತಾರೆ. ಪೆಂಡಾಲಿನ ಮೈಕಿನವರಿಗೆ ಹೇಳುವುದಿಲ್ಲ, ಪರೀಕ್ಷೆಗೆ ಓದುವ ಹುಡುಗಿಗೆ ಹೇಳುತ್ತಾರೆ. ರಾತ್ರಿಪಾಳಿ ಮುಗಿಸಿ ಬೆಳಿಗ್ಗೆ ಮಲಗುವ ನರ್ಸಿಗೂ ಡ್ರಿಲ್ಲಿಂಗ್ ಮೆಷಿನ್ನಿನವನಿಗೂ ಜಗಳವಾದರೆ ಗೊಣಗುವ ಹೆಂಗಸೆಂಬ ಹೆಸರು ನರ್ಸಿಗೇ ಬರುತ್ತದೆ. ಹೊಂದಾಣಿಕೆ ಇಬ್ಬರೂ ಒಂದೊಂದು ಹೆಜ್ಜೆ ಇಡುವುದೆಂದು ನಾನು ತಿಳಿದಿದ್ದೆ.

ಆದ್ದರಿಂದ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ: ಬೇಡ. ಇಂದಿನಿಂದಲೇ ಒಂದು ಪುಸ್ತಕದಲ್ಲಿ ತಾರೀಖು, ಗಂಟೆ ಬರೆದಿಡಿ. ಒಮ್ಮೆ ಮಾತ್ರ, ಹಗಲಿನಲ್ಲಿ, ನಿಮ್ಮ ಶ್ರೀಮತಿಯವರೊಡನೆ ಮೇಲೆ ಹೋಗಿ ವಿನಯದಿಂದಲೇ ಹೇಳಿ ಬನ್ನಿ. ಕೇಳದಿದ್ದರೆ ಸಂಘಕ್ಕೆ ಲಿಖಿತ ದೂರು ಕೊಟ್ಟು ಪ್ರತಿಯ ಮೇಲೆ ಸಹಿ, ಸೀಲು ಪಡೆಯಿರಿ. ಸಭೆಯ ಕಾರ್ಯಸೂಚಿಯಲ್ಲಿ ವಿಷಯ ಸೇರಿಸಲು ಕೇಳಿ. ಮಧ್ಯರಾತ್ರಿಯ ಗದ್ದಲಕ್ಕೆ ಪೊಲೀಸರನ್ನು ಕರೆಯಲು 112 ಇದೆ, ಸಂಕೋಚ ಬೇಡ. ಮೇಂಟೆನೆನ್ಸನ್ನು ಮಾತ್ರ ಐದನೇ ತಾರೀಖಿನೊಳಗೆ ಕಟ್ಟಿ, ರಸೀದಿಯನ್ನು ಅದೇ ಪುಸ್ತಕದೊಳಗೆ ಇಟ್ಟುಕೊಳ್ಳಿ.