ದಿನವೂ ರೈಲಿನಲ್ಲಿ ಓಡಾಡುವ ಕನ್ನಡ ಓದುಗರಿಗೆ ಇ-ರೀಡರ್ ಬೇಕೇ?

ತುಮಕೂರಿನಿಂದ ದಿನವೂ ಯಶವಂತಪುರಕ್ಕೆ ರೈಲಿನಲ್ಲಿ ಹೋಗಿ ಬರುತ್ತೀರಿ, ಕನ್ನಡ ಕಾದಂಬರಿಗಳನ್ನೂ ಒಂದಿಷ್ಟು ಇಂಗ್ಲಿಷ್ ಪುಸ್ತಕಗಳನ್ನೂ ಓದುತ್ತೀರಿ, ಬಾಡಿಗೆ ಮನೆಯಲ್ಲಿ ಇನ್ನೊಂದು ಕಪಾಟಿಗೆ ಜಾಗವಿಲ್ಲ. ಇ-ಪುಸ್ತಕ ಓದಲೆಂದೇ ಇರುವ ಸಾಧನ, ಅಂದರೆ ಇ-ರೀಡರ್, ಅದರಲ್ಲೂ ಅಮೆಜಾನ್‌ನ ಕಿಂಡಲ್ ಕೊಳ್ಳಲೇ, ಪುಸ್ತಕವನ್ನೇ ಕೊಳ್ಳುತ್ತಿರಲೇ ಎಂದು ಕೇಳಿದ್ದೀರಿ. ನಿಮ್ಮ ಓದಿನಲ್ಲಿ ಕನ್ನಡ ಎಷ್ಟು, ಇಂಗ್ಲಿಷ್ ಎಷ್ಟು ಎಂದು ಮೊದಲು ಲೆಕ್ಕ ಹಾಕಿ. ಮುಕ್ಕಾಲು ಪಾಲು ಕನ್ನಡವಾದರೆ ಆ ದುಡ್ಡಿಗೆ ಪುಸ್ತಕ ಕೊಳ್ಳಿ. ಇಂಗ್ಲಿಷೇ ಹೆಚ್ಚಾದರೆ ಹಿಂದೆಮುಂದೆ ನೋಡದೆ ಇ-ರೀಡರ್ ಕೊಳ್ಳಿ. ಕಾಗದದ ಪರಿಮಳ, ಪುಟ ತಿರುಗಿಸುವ ಸುಖ ಎಂದು ಬರೆಯುವವರ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಹೊಸ ಪುಸ್ತಕದಿಂದ ಬರುವುದು ಹೆಚ್ಚಾಗಿ ಅಂಟು ಮತ್ತು ಶಾಯಿಯ ವಾಸನೆ.

ನಾನೂ ಅದೇ ದಾರಿಯಲ್ಲಿ ಓಡಾಡುವವನು. ಬೆಳಗಿನ ಗಾಡಿಯಲ್ಲಿ ಕ್ಯಾತ್ಸಂದ್ರ ದಾಟುವಷ್ಟರಲ್ಲಿ ಸೀಟು ಮುಗಿದಿರುತ್ತದೆ. ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತವನಿಗೆ ನಾನೂರು ಪುಟದ ಪುಸ್ತಕವನ್ನು ಇನ್ನೊಂದು ಕೈಯಲ್ಲಿ ಅಗಲಿಸಿ ಹಿಡಿಯುವುದು ಕಷ್ಟ. ಅಲ್ಲಿ ಇ-ರೀಡರ್‌ನ ಉಪಯೋಗ ತಿಳಿಯುತ್ತದೆ. ಇನ್ನೂರು ಗ್ರಾಂ ಆಸುಪಾಸಿನ ತೂಕ, ಹೆಬ್ಬೆರಳು ಮುಟ್ಟಿದರೆ ಮುಂದಿನ ಪುಟ. ಇ-ಇಂಕ್ ಎನ್ನುವ ಇದರ ಪರದೆಯೂ ಮೊಬೈಲಿನದರಂತಲ್ಲ. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕೋಶಗಳಿದ್ದು, ಒಂದೊಂದರಲ್ಲೂ ವಿರುದ್ಧ ವಿದ್ಯುದಾವೇಶದ ಕಪ್ಪು, ಬಿಳಿ ಕಣಗಳಿರುತ್ತವೆ. ವಿದ್ಯುತ್ ಹರಿದಾಗ ಬೇಕಾದ ಬಣ್ಣದ ಕಣ ಮೇಲೆ ಬಂದು ಅಲ್ಲಿಯೇ ನಿಲ್ಲುತ್ತದೆ. ಚಾರ್ಜ್ ಖರ್ಚಾಗುವುದು ಮುಖ್ಯವಾಗಿ ಪುಟ ಬದಲಾದಾಗ ಮತ್ತು ದೀಪ ಹೊತ್ತಿಸಿದಾಗ. ಅದಕ್ಕೇ ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುತ್ತದೆ. ಕಿಟಕಿಯ ಬಿಸಿಲು ನೇರವಾಗಿ ಬಿದ್ದರೂ ಅಕ್ಷರ ಕಾಣುತ್ತದೆ. (ಪಕ್ಕದವರು “ಇದೇನು ಸಾರ್, ಟ್ಯಾಬಾ? ಬಣ್ಣವೇ ಇಲ್ಲವಲ್ಲ!” ಎಂದು ಕೇಳುತ್ತಾರೆ, ಅದಕ್ಕೆ ಸಿದ್ಧರಾಗಿರಿ.)

ಇಷ್ಟು ಹೊಗಳಿದ ಮೇಲೂ ಕನ್ನಡ ಓದುಗರಿಗೆ ಬೇಡ ಎನ್ನಲು ಕಾರಣವಿದೆ. ಅಮೆಜಾನ್ 2016ರ ಕೊನೆಯಲ್ಲಿ ಕಿಂಡಲ್‌ಗೆ ಭಾರತೀಯ ಭಾಷೆಗಳನ್ನು ತಂದಾಗ ಹಿಂದಿ, ತಮಿಳು, ಮಲಯಾಳ, ಮರಾಠಿ, ಗುಜರಾತಿ ಸೇರಿದವು. ಕನ್ನಡ ಹೊರಗೆ ಉಳಿಯಿತು. ನಿಮಗೆ ಬೇಕಾದ ಕನ್ನಡ ಕಾದಂಬರಿ ಅಲ್ಲಿ ಸಿಗುವ ಸಾಧ್ಯತೆ ಈಗಲೂ ಕಡಿಮೆ. ಕನ್ನಡದ ಇ-ಪುಸ್ತಕಗಳು ಇಲ್ಲವೆಂದಲ್ಲ. ಗೂಗಲ್ ಪ್ಲೇ ಬುಕ್ಸ್‌ನಲ್ಲಿವೆ, ಮೈಲ್ಯಾಂಗ್ ಆ್ಯಪ್‌ನಲ್ಲಿವೆ. ಆದರೆ ಅವುಗಳನ್ನು ಮೊಬೈಲಿನಲ್ಲೋ ಟ್ಯಾಬ್‌ನಲ್ಲೋ ಓದಬೇಕು. ಮೊಬೈಲು ನಿಮ್ಮ ಬಳಿ ಈಗಾಗಲೇ ಇರುವಾಗ ಇನ್ನೊಂದು ಸಾಧನ ಯಾಕೆ? ಆಂಡ್ರಾಯ್ಡ್ ಹಾಕಿರುವ ಇ-ಇಂಕ್ ಸಾಧನಗಳಲ್ಲಿ ಈ ಆ್ಯಪ್‌ಗಳನ್ನು ಹಾಕಿಕೊಳ್ಳಬಹುದು, ನಿಜ. ಅವುಗಳ ಬೆಲೆ ಸಾಮಾನ್ಯ ಇ-ರೀಡರ್‌ಗಿಂತ ಹೆಚ್ಚು.

“ಹಳೆಯ ಪುಸ್ತಕಗಳ ಪಿಡಿಎಫ್ ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ಜಾಲತಾಣದಲ್ಲಿ ರಾಶಿ ರಾಶಿ ಇದೆಯಲ್ಲ” ಎಂದು ಯಾರಾದರೂ ಹೇಳುತ್ತಾರೆ. ಇದೆ. ಆದರೆ ಅದು ಸ್ಕ್ಯಾನ್ ಮಾಡಿದ ಪುಟದ ಚಿತ್ರ, ಅಕ್ಷರವನ್ನಷ್ಟೇ ಹಿಗ್ಗಿಸಲಾಗದು. ಕಾದಂಬರಿಗಳಿಗೆ ಸಾಮಾನ್ಯವಾಗಿ ಬಳಸುವ ಡೆಮಿ ಅಳತೆಯ ಪುಟ ಐದೂವರೆ ಇಂಚು ಅಗಲವಿದ್ದರೆ, ಆರು ಇಂಚಿನ ಇ-ರೀಡರ್‌ನ ಪರದೆಯ ಅಗಲ ಮೂರೂವರೆ ಇಂಚಿನಷ್ಟು. ಇಂಗ್ಲಿಷ್ ಅಕ್ಷರ ಆ ಕುಗ್ಗುವಿಕೆಯನ್ನು ಹೇಗೋ ತಡೆದುಕೊಳ್ಳುತ್ತದೆ. ಕನ್ನಡದಲ್ಲಿ ಅಕ್ಷರದ ಕೆಳಗೆ ಒತ್ತು, ಪಕ್ಕದಲ್ಲಿ ಅರ್ಕಾವೊತ್ತು. ಮಸುಕಾದ ಸ್ಕ್ಯಾನ್‌ನಲ್ಲಿ ಮಹಾಪ್ರಾಣದ ಸೀಳು ಕಾಣದೆ ಧನ ದನವಾಗುತ್ತದೆ. ಸಾಧನವನ್ನು ಅಡ್ಡ ಹಿಡಿದರೆ ಅಕ್ಷರ ದೊಡ್ಡದಾಗುತ್ತದೆ, ಆದರೆ ಪ್ರತಿ ಪುಟವನ್ನೂ ತುಂಡು ತುಂಡಾಗಿ ಓದಬೇಕು. ಅಂಥ ಓದು ಓದಲ್ಲ, ಶಿಕ್ಷೆ.

ಪ್ರಕಾಶಕರು ಹಳೆಯ ಪುಸ್ತಕಗಳನ್ನು ಸರಿಯಾದ ಇ-ಪುಸ್ತಕ ಮಾಡಬಾರದೇ ಎಂದರೆ, ಅಲ್ಲಿಯೂ ತೊಡಕು. ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಕೆಲಸ, ಬಹುಕಾಲ ನಡೆದದ್ದು ಎಲ್ಲ ಸಾಧನಗಳಿಗೂ ಅರ್ಥವಾಗುವ ಯೂನಿಕೋಡ್ ಸಂಕೇತದಲ್ಲಲ್ಲ, ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ. ಆ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿದಾಗ ಅಲ್ಲಲ್ಲಿ ಅಕ್ಷರ ಕೆಡುತ್ತದೆ. ಮತ್ತೆ ಕರಡು ತಿದ್ದಲು ಯಾರಾದರೂ ಕೂರಬೇಕು. ಸಾವಿರ ಪ್ರತಿ ಮಾರುವುದೇ ಸಾಹಸವಾಗಿರುವ ಸಣ್ಣ ಪ್ರಕಾಶಕರಿಗೆ ಆ ಸಂಬಳ ಕೊಡಲು ಎಲ್ಲಿಂದ ಬರಬೇಕು?

ಇನ್ನು ದುಡ್ಡು. ಸಾಧಾರಣ ಇ-ರೀಡರ್‌ಗೇ ಹತ್ತು ಸಾವಿರ ರೂಪಾಯಿ ಬೇಕು ಎಂದಿಟ್ಟುಕೊಳ್ಳಿ. ಇನ್ನೂರೈವತ್ತು ರೂಪಾಯಿಯಂತೆ ಆ ಹಣಕ್ಕೆ ನಲವತ್ತು ಕನ್ನಡ ಪುಸ್ತಕ ಬರುತ್ತವೆ, ಮೇಲೆ ಜಿಎಸ್‌ಟಿಯೂ ಇಲ್ಲ. ಓದಿ ಮುಗಿಸಿದ್ದನ್ನು ಸ್ನೇಹಿತರಿಗೆ ಕೊಡಬಹುದು, ಮಾರಬಹುದು. ಇ-ಪುಸ್ತಕಕ್ಕೆ ದುಡ್ಡು ಕೊಟ್ಟಾಗ ಬಹುತೇಕ ಕಡೆ ನಿಮಗೆ ಸಿಗುವುದು ಓದುವ ಪರವಾನಗಿ ಮಾತ್ರ. 2009ರಲ್ಲಿ ಅಮೆಜಾನ್, ಹಕ್ಕಿಲ್ಲದವರು ಮಾರಾಟಕ್ಕಿಟ್ಟಿದ್ದರೆಂದು, ಜಾರ್ಜ್ ಆರ್ವೆಲ್‌ನ ಕಾದಂಬರಿಗಳನ್ನು ಕೊಂಡವರ ಕಿಂಡಲ್‌ಗಳಿಂದಲೇ ಅಳಿಸಿತ್ತು. ಹಣ ಹಿಂದಿರುಗಿಸಿತು, ಆಮೇಲೆ ಕ್ಷಮೆಯನ್ನೂ ಕೇಳಿತು. ನಿಮ್ಮ ಮನೆಯ ಕಪಾಟಿಗೆ ಅಂಗಡಿಯವರು ರಾತ್ರಿ ಬಂದು ಕೈ ಹಾಕುವುದಿಲ್ಲ, ಅಷ್ಟೇ.

ಒಂದು ವಿಷಯದಲ್ಲಿ ಮಾತ್ರ ಇ-ರೀಡರ್‌ಗೆ ಎದುರಿಲ್ಲ: ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು. ಮನೆಯಲ್ಲಿ ಕಣ್ಣು ಮಂಜಾದ ಹಿರಿಯರು ಇಂಗ್ಲಿಷ್ ಓದುವವರಾಗಿದ್ದರೆ ನನ್ನ ಮೇಲಿನ ಲೆಕ್ಕವನ್ನೆಲ್ಲ ಮರೆತು ಕೊಂಡುಬಿಡಿ.

ಜಾಗದ ತಾಪತ್ರಯಕ್ಕೆ ನನ್ನ ಉಪಾಯ ಸರಳ. ಒಮ್ಮೆ ಓದಿ ಬಿಡುವಂಥ ಪುಸ್ತಕವನ್ನು ಗ್ರಂಥಾಲಯದಿಂದ ತರುತ್ತೇನೆ. ಮತ್ತೆ ತೆರೆಯುತ್ತೇನೆ ಎನಿಸಿದ್ದನ್ನು ಮಾತ್ರ ಕೊಳ್ಳುತ್ತೇನೆ. ನೀವಂತೂ ದುಡ್ಡು ಕೊಡುವ ಮೊದಲು, ಮುಂದೆ ಓದಬೇಕೆಂದಿರುವ ಹತ್ತು ಪುಸ್ತಕಗಳ ಹೆಸರು ಬರೆದುಕೊಂಡು ಒಂದೊಂದನ್ನೂ ಕಿಂಡಲ್ ಅಂಗಡಿಯಲ್ಲಿ ಹುಡುಕಿ. ಏಳೆಂಟು ಸಿಕ್ಕರೆ ಸಾಧನ ಕೊಳ್ಳಿ. ಎರಡೋ ಮೂರೋ ಸಿಕ್ಕರೆ ಬಿಟ್ಟುಬಿಡಿ.